ಡಬ್ಬಿಯೊಳಗೊಂದು ಹಾಳೆ ಇರಲಿ

ಮಗಾ, ಮದ್ದೂರಿನಲ್ಲಿ ನೀನು ಕೊಟ್ಟ ಮರದ ಆನೆ ನನ್ನ ಮೇಜಿನ ಮೇಲಿದೆ. ಚನ್ನಪಟ್ಟಣದವರ ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಆಲೆಮರ, ಅರಗಿನ ಬಣ್ಣ, ಗರಿಯಲ್ಲಿ ಉಜ್ಜಿ ತಂದ ಹೊಳಪು. ನನ್ನ ತಕರಾರಿರುವುದು ನೀನು ಅದಕ್ಕೆ ಕಟ್ಟಿರುವ ಕಥೆಯ ಬಗ್ಗೆ. ಹನ್ನೆರಡು ಗೊಂಬೆ, ಡಬ್ಬಿ ಮೇಲಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಕಂತುಕಂತಾಗಿ ವಿಡಿಯೋ ಅಂದೆಯಲ್ಲ, ಮನೆಗೆ ಇರೋದೇ ಒಂದು ಫೋನು, ಅದೂ ಅಪ್ಪನ ಜೇಬಿನಲ್ಲಿ ಕಬ್ಬಿನ ಗದ್ದೆಗೆ ಹೋಗಿದ್ದರೆ ಮಗು ಏನು ಮಾಡಬೇಕು?

ಅಮೆರಿಕದ ಮ್ಯಾಟೆಲ್ ಕಂಪನಿ 1982ರಲ್ಲಿ ಹೀ-ಮ್ಯಾನ್ ಗೊಂಬೆ ತಂದಾಗ ಜೊತೆಗೇ ಪುಟ್ಟದೊಂದು ಚಿತ್ರಕಥೆ ಪುಸ್ತಕ ಇಟ್ಟಿತ್ತು. ಟಿವಿ ಕಾರ್ಟೂನ್ ಬಂದದ್ದು ಮರುವರ್ಷ. ಹೆಸರು ಹಬ್ಬಿಸಿದ್ದು ಕಾರ್ಟೂನೇ, ಇಲ್ಲ ಅನ್ನಲ್ಲ. ಆದರೆ ಟಿವಿ ಇರಲಿ ಬಿಡಲಿ, ಗೊಂಬೆ ಕೊಂಡ ಮಗುವಿನ ಕೈಯಲ್ಲಿ ಕಥೆ ಇತ್ತು.

ಅಷ್ಟು ದೂರ ಯಾಕೆ, ದಸರಾ ಗೊಂಬೆ ನೋಡು. ನಮ್ಮ ಮನೆಯಲ್ಲಿ ಕೂರಿಸುವ ಪದ್ಧತಿ ಇರಲಿಲ್ಲ. ಸಂಜೆಯಾದರೆ ಮಳವಳ್ಳಿಯ ಬೀದಿಯಲ್ಲಿ ನಾವು ಐದಾರು ಹುಡುಗಿಯರು "ಗೊಂಬೆ ಕೂರಿಸಿದ್ದೀರಾ?" ಅಂತ ಬಾಗಿಲು ಬಾಗಿಲಿಗೆ ಹೋಗುತ್ತಿದ್ದೆವು. ಮೇಲೆ ಪಟ್ಟದ ಗೊಂಬೆ, ನಡುವೆ ದಶಾವತಾರ, ಕೆಳಗೆ ಶೆಟ್ಟರ ಅಂಗಡಿ. ಒಂದು ಮನೆಯ ಅಜ್ಜಿ ಮೆಟ್ಟಿಲು ಮೆಟ್ಟಿಲಿಗೂ ಬೆರಳು ತೋರಿಸಿ ಕಥೆ ಹೇಳೋರು. ಒಂದು ವರ್ಷ ಕುದುರೆಯ ಕಾಲು ಮುರಿದಿತ್ತು. "ಯುದ್ಧ ಗೆದ್ದು ಈಗ ತಾನೇ ಬಂದಿದೆ, ಸುಮ್ನಿರ್ರವ್ವ, ಮಲಗಲಿ" ಅಂದುಬಿಟ್ಟರು. ಆ ವರ್ಷ ರಾಜ-ರಾಣಿಯನ್ನು ಯಾರೂ ತಿರುಗಿ ನೋಡಲಿಲ್ಲ. ಗೊಂಬೆ ಅವರದು, ಕಥೆ ಮಾತ್ರ ಬೊಂಬೆ ಬಾಗಿನದ ಜೊತೆ ನಮ್ಮ ಮನೆಗೂ ಬಂತು.

ಈಗ ಹೊಸ ಹೆದ್ದಾರಿಯ ಕಾರುಗಳು ಚನ್ನಪಟ್ಟಣ, ಮದ್ದೂರು ಪೇಟೆಯೊಳಕ್ಕೆ ಬರದೆ ಹಾಗೇ ಹೋಗಿಬಿಡುತ್ತವೆ. ನಿಲ್ಲಿಸಿ ಕೇಳುವವರಿಲ್ಲದ ಮೇಲೆ ಗೊಂಬೆಯೇ ತನ್ನ ಕಥೆ ಹೊತ್ತುಕೊಂಡು ಹೋಗಬೇಕು.

ಕಂತಿನ ಕಥೆಗೆ ಸೆಳೆತ ಜಾಸ್ತಿ, ಮುಂದೇನು ಅಂತ ಮುಂದಿನ ಗೊಂಬೆಯನ್ನೂ ಕೊಳ್ಳುತ್ತಾರೆ. ನಿನ್ನ ಲೆಕ್ಕ ನನಗೆ ಗೊತ್ತಾಗದೇನು? ಆದರೆ ಆನೆಯೊಂದನ್ನೇ ಕೊಳ್ಳಲು ಕಾಸಿದ್ದ ಹುಡುಗನಿಗೆ ಉಳಿಯೋದು ಇಲ್ಲದ ಹನ್ನೊಂದರ ಚಿಂತೆ. ಒಂದೊಂದು ಗೊಂಬೆಗೂ ಅಲ್ಲಿಗೇ ಮುಗಿಯುವ ಕಥೆ ಬರೆದು ಡಬ್ಬಿಯೊಳಗಿಡು. ಒಂದೇ ಹಾಳೆ, ದಪ್ಪ ಅಕ್ಷರ, ಓದು ಬಾರದ ಅಜ್ಜಿಯೂ ನೋಡಿ ಹೇಳುವಂಥ ಚಿತ್ರ. ಆನೆಯ ಕಥೆಯಲ್ಲಿ ಹುಲಿ ಸುಮ್ಮನೆ ಹಾದುಹೋಗಲಿ, ಬೇಕಾದವರು ಹುಡುಕಿಕೊಂಡು ಬರುತ್ತಾರೆ. ವಿಡಿಯೋ ಆಮೇಲೆ ನೋಡಿಕೊಂಡರಾಯ್ತು.

ಮೊದಲ ಹಾಳೆ ಆದಾಗ ತಗೊಂಡು ಬಾ, ಪಕ್ಕದ ಮನೆ ಮಕ್ಕಳನ್ನು ಕೂರಿಸಿ ಓದೋಣ. ಯಾವ ಸಾಲಿಗೆ ಎದ್ದು ಓಡುತ್ತಾರೋ ಅದನ್ನು ಅಲ್ಲೇ ಹೊಡೆದುಹಾಕು. ಬರ್ತಾ ನಾಲ್ಕು ವಡೆ ಕಟ್ಟಿಸಿಕೊಂಡು ಬಾ.