ಮೊದಲು ಕಾವು ಕಲಿಯಿರಿ: ಒಡವೆ ಕೆಲಸಕ್ಕೆ ಹೊಸದಾಗಿ ಬಂದವರಿಗೆ

ಒಡವೆ ಮಾಡಲು ಕಲಿಯಬೇಕೆಂದು ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಚಿತ್ರ ಇರುತ್ತದೆ. ಅಜ್ಜಿಯ ಬುಗುಡಿಯ ಫೋಟೊ, ಮದುವೆಮನೆಯಲ್ಲಿ ಕಂಡ ಜುಮುಕಿ, ತಾವೇ ಬರೆದ ಬಳ್ಳಿಯ ಡಿಸೈನು. ಒಳ್ಳೆಯದೇ. ಆದರೆ ಸದ್ಯಕ್ಕೆ ಅದನ್ನು ಪುಸ್ತಕದೊಳಗೆ ಇಟ್ಟುಬಿಡಿ. ಈ ಕಸುಬಿನಲ್ಲಿ ಮೊದಲು ಕಲಿಯಬೇಕಾದದ್ದು ಕಾವು. ಲೋಹಕ್ಕೆ ಎಷ್ಟು ಬಿಸಿ ಬೇಕು, ಎಲ್ಲಿಗೆ ಬೇಕು, ಯಾವಾಗ ಸಾಕು ಎನ್ನುವುದು ಕೈಗೆ ಹತ್ತಿದರೆ, ಯಾವ ಚಿತ್ರ ಒಡವೆಯಾಗುತ್ತದೆ, ಯಾವುದು ಕಾಗದದಲ್ಲೇ ಉಳಿಯುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ತಾಮ್ರದಿಂದ ಶುರು ಮಾಡಿ. ಅಗ್ಗ ಎನ್ನುವುದು ಒಂದು ಕಾರಣ. ಬೆಂಕಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ ಎನ್ನುವುದು ಇನ್ನೂ ದೊಡ್ಡ ಕಾರಣ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು, ಚಿನ್ನಕ್ಕೆ 1064, ಬೆಳ್ಳಿಗೆ 962. ಅಂಗಡಿಯಲ್ಲಿ 925 ಎಂದು ಮಾರುವ ಬೆಳ್ಳಿಯಲ್ಲಿ ಸಾವಿರಕ್ಕೆ 75 ಭಾಗ ತಾಮ್ರ ಬೆರೆತಿರುತ್ತದೆ. 37 ಗ್ರಾಂ ಬೆಳ್ಳಿಗೆ 3 ಗ್ರಾಂ ತಾಮ್ರ ಸೇರಿಸಿ ಮೂಸೆಯಲ್ಲಿ ಕರಗಿಸಿದರೆ 40 ಗ್ರಾಂ ಸಿಗುತ್ತದೆ. ಶುದ್ಧ ಬೆಳ್ಳಿ ಉಂಗುರಕ್ಕೆ ತೀರ ಮೆದು. ತಾಮ್ರ ಸೇರಿದರೆ ಗಟ್ಟಿಯಾಗುತ್ತದೆ, ಆದರೆ ಇನ್ನೂ ಕಡಿಮೆ ಕಾವಿಗೇ ಕರಗುತ್ತದೆ. ಹೊಸಬರು ಮೊದಲ ವಾರವೇ ಬೆಳ್ಳಿಗೆ ಕೈಹಾಕಿ, ಕೆಲಸವೆಲ್ಲ ಒಂದು ಉಂಡೆಯಾಗಿ ಕೂತದ್ದನ್ನು ನೋಡಿ ಬೇಸರಪಟ್ಟುಕೊಳ್ಳುವುದು ಇದರಿಂದಲೇ.

ತಾಮ್ರದ ತಗಡೊಂದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯಿರಿ. ಮೊದಮೊದಲು ಹೇಳಿದ ಹಾಗೆ ಬಾಗುತ್ತದೆ. ಬಡಿಯುತ್ತ ಹೋದಂತೆ ಬಿಗಿಯಾಗಿ, ಸುತ್ತಿಗೆ ಪುಟಿಯತೊಡಗುತ್ತದೆ. ಸದ್ದೂ ಬದಲಾಗುತ್ತದೆ. ಇಲ್ಲಿ ಹಟ ಹಿಡಿದು ಬಡಿದರೆ ಅಂಚು ಸೀಳುತ್ತದೆ. ಹೊಡೆತ ಬಿದ್ದಷ್ಟೂ ಲೋಹದೊಳಗಿನ ಹರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಜರುಗಲಾಗದೆ ನಿಲ್ಲುತ್ತವೆ. ಕಾಯಿಸಿದರೆ ಹೊಸ ಹರಳು ಕಟ್ಟಿಕೊಂಡು ಲೋಹ ಮತ್ತೆ ಮೆದುವಾಗುತ್ತದೆ. ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು. ಅಕ್ಕಸಾಲಿಯ ದಿನದ ಬಹುಪಾಲು ಇದೇ.

ಎಷ್ಟು ಕಾಯಿಸಬೇಕು? ಮಂಕಾದ ಕೆಂಪು ಬರುವಷ್ಟು. ಕಿಟಕಿಯ ಬಿಸಿಲು ನೇರ ಬೀಳುವ ಕಡೆ ಕೂತರೆ ಆ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವಷ್ಟರಲ್ಲಿ ಮಿತಿ ಮೀರಿರುತ್ತದೆ. ಆದ್ದರಿಂದ ಬೆಂಕಿಯ ಜಾಗ ಸ್ವಲ್ಪ ಕತ್ತಲಿರಲಿ, ಅರ ಹಾಕುವ ಜಾಗಕ್ಕೆ ಮಾತ್ರ ಬೆಳಕು ಬೇಕು. ಬಣ್ಣ ನಂಬಲಾಗದಿದ್ದರೆ ಅಳಿಸದ ಶಾಯಿಯ ಮಾರ್ಕರಿನಿಂದ ತಗಡಿನ ಮೇಲೆ ಗೆರೆ ಎಳೆಯಿರಿ. ಗೆರೆ ಮಾಯವಾಗುವ ಹೊತ್ತಿಗೆ ಹೆಚ್ಚುಕಡಿಮೆ ಹದ ಬಂದಿರುತ್ತದೆ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ. ಕಬ್ಬಿಣದ ಕೆಲಸ ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು, ಉಕ್ಕನ್ನು ಹಾಗೆ ಅದ್ದಿದರೆ ಗಡುಸಾಗುತ್ತದಲ್ಲ. ತಾಮ್ರ, ಬೆಳ್ಳಿ ಮೆದುವಾಗಿಯೇ ಉಳಿಯುತ್ತವೆ.

ಕೊಯ್ಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗರಗಸದ ಹಲ್ಲು ಹಿಡಿಯ ಕಡೆಗೆ, ಕೆಳಮುಖವಾಗಿ ಇರಲಿ, ಎಳೆಗೆ ಜೇನುಮೇಣ ಸವರಿ, ಒತ್ತಬೇಡಿ. ಎಳೆಗಳು ಮುರಿಯುತ್ತವೆ, ಎಲ್ಲರ ಕೈಯಲ್ಲೂ.

ಮೊದಲ ಕೆಲಸವಾಗಿ ಉಂಗುರ ಮಾಡೋಣ, ಸಾದಾ ಪಟ್ಟಿಯದು. ಒಳವ್ಯಾಸ 17 ಮಿಲಿಮೀಟರ್, ತಗಡಿನ ದಪ್ಪ ಒಂದೂವರೆ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪಟ್ಟಿ ಎಷ್ಟು ಉದ್ದ ಬೇಕು? 17 ಅನ್ನು 3.14ರಿಂದ ಗುಣಿಸಿ 53.4 ಎನ್ನುವವರೇ ಹೆಚ್ಚು. ಉಂಗುರ ಬೆರಳಿಗೆ ಹತ್ತುವುದಿಲ್ಲ. ಪಟ್ಟಿ ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುವಿನ ಗೆರೆ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ವ್ಯಾಸಕ್ಕೆ ದಪ್ಪವನ್ನೂ ಕೂಡಿಸಿ ಗುಣಿಸಬೇಕು: 18.5ಕ್ಕೆ 58.1 ಮಿಲಿಮೀಟರ್. ಬಾಗಿಸಿದ ಮೇಲೆ ಎರಡು ತುದಿಗಳನ್ನು ಕೂಡಿಸಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಂಡರೆ ಇನ್ನೂ ಅರ ಹಾಕಿ. ಬೆಸುಗೆ ಸಂದು ತುಂಬುವ ಪದಾರ್ಥವಲ್ಲ; ತಾಗಿ ನಿಂತ ಎರಡು ಮೈಗಳ ನಡುವೆ ಮಾತ್ರ ಅದು ಹರಿಯುತ್ತದೆ.

ಬಿಳಿಗಾರವನ್ನು ಕಲ್ಲಿನ ಮೇಲೆ ನೀರು ಹಾಕಿ ತೇದು, ಕುಂಚದಿಂದ ಸಂದಿಗೆ ಹಚ್ಚಿ, ಬೆಸುಗೆಯ ಚೂರು ಇಡಿ. ಉರಿಯನ್ನು ದೂರದಿಂದಲೇ ಶುರು ಮಾಡಿ. ಒಮ್ಮೆಗೇ ಹತ್ತಿರ ತಂದರೆ ಬಿಳಿಗಾರ ಉಕ್ಕಿ ಚೂರನ್ನು ಆಚೆ ನೂಕುತ್ತದೆ. ಉಕ್ಕು ಇಳಿದು, ಗಾಜಿನಂತೆ ತಿಳಿಯಾದರೆ ಹೊತ್ತು ಹತ್ತಿರ ಬಂತು ಎಂದರ್ಥ. ಆಗ ಹೊಸಬರ ಕೈ ತಾನಾಗಿ ಉರಿಯನ್ನು ಚೂರಿನ ಮೇಲೆ ಹಿಡಿಯುತ್ತದೆ. ಹಿಡಿಯಬೇಡಿ. ಚೂರು ಕರಗಿ ಅಲ್ಲೇ ಮುತ್ತಾಗಿ ಕೂರುತ್ತದೆ. ಇಡೀ ಉಂಗುರ ಕಾಯಬೇಕು, ಸಂದಿನ ಎರಡೂ ಬದಿ ಒಂದೇ ಕಾವಿಗೆ ಬರಬೇಕು. ಬೆಸುಗೆ ಕಾವಿರುವ ಕಡೆಗೆ ಓಡುತ್ತದೆ. ಅದು ಓಡುವಾಗ ಸಂದಿನುದ್ದಕ್ಕೂ ಒಂದು ಬೆಳ್ಳಿಗೆರೆ ಮಿಂಚುತ್ತದೆ. ಕಂಡ ಕೂಡಲೇ ಉರಿ ತೆಗೆಯಿರಿ.

ನಿಮ್ಮ ಡಿಸೈನಿಗೂ ಇದಕ್ಕೂ ಏನು ಸಂಬಂಧ ಎಂದರೆ, ಜುಮುಕಿಯಲ್ಲಿ ಇಂಥ ಬೆಸುಗೆ ಹತ್ತಾರು ಇರುತ್ತವೆ. ಎರಡನೆಯದನ್ನು ಹಾಕುವಾಗ ಮೊದಲನೆಯದು ಬಿಚ್ಚಿಕೊಳ್ಳಬಾರದು. ಅದಕ್ಕೇ ಹೆಚ್ಚು ಕಾವಿಗೆ ಕರಗುವ ಬೆಸುಗೆ ಮೊದಲು, ಕಡಿಮೆ ಕಾವಿನದು ಕೊನೆಗೆ. ಚಿತ್ರ ನೋಡುವಾಗಲೇ ಈ ಸರದಿಯನ್ನು ಬರೆದುಕೊಳ್ಳುವ ಅಭ್ಯಾಸ ಮಾಡಿ. ಕೊನೆಯ ಕೊಂಡಿ ಹಾಕಲು ಉರಿ ತಲುಪದ ಜಾಗ ಉಳಿದರೆ ಆ ಡಿಸೈನು ತಿದ್ದಬೇಕು, ಎಷ್ಟೇ ಚೆಂದವಿರಲಿ.

ಒಂದು ಎಚ್ಚರಿಕೆ. ಹಿಂದೆ ಚಿನ್ನದಂಗಡಿಗಳ ಬೋರ್ಡಿನಲ್ಲಿ ‘ಕೆಡಿಎಂ’ ಎಂದು ದೊಡ್ಡದಾಗಿ ಬರೆದಿರುತ್ತಿತ್ತು, ಗಿರಾಕಿಗಳು ಅದನ್ನು ಶುದ್ಧತೆಯ ಗುರುತೆಂದೇ ನಂಬಿದ್ದರು. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಕೆಲಸಗಾರನ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಹಾಲ್‌ಮಾರ್ಕ್ ಒಡವೆಗೆ ಅದು ಸಲ್ಲದು. ಹಳೆಯ ಡಬ್ಬಿಯಲ್ಲಿ ಉಳಿದಿದೆ ಎಂದು ಯಾರಾದರೂ ಕೊಟ್ಟರೆ ಮುಟ್ಟಬೇಡಿ. ನೈಲಾನ್ ಸೀರೆ, ತೂಗುವ ದುಪಟ್ಟಾ, ಬಿಟ್ಟ ಕೂದಲು ಬೆಂಕಿಯ ಮುಂದೆ ಬೇಡ. ಬೆಸುಗೆಯ ಕಪ್ಪು ತೆಗೆಯುವ ಆಸಿಡ್ ಬೆರೆಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರನ್ನಲ್ಲ. ಅದರೊಳಗೆ ಕಬ್ಬಿಣದ ಇಕ್ಕಳ ಅದ್ದಿದರೆ ಬೆಳ್ಳಿಯ ಮೇಲೆ ತಾಮ್ರದ ಕೆಂಪು ಹತ್ತುತ್ತದೆ. ಹಿತ್ತಾಳೆಯದೋ ಮರದ್ದೋ ಬಳಸಿ.

ಕಸುಬಿನವರ ದಿನ ಹೇಗಿರುತ್ತದೆ ಎಂದು ಕೇಳುವವರಿದ್ದಾರೆ. ಉತ್ತರ ಕರ್ನಾಟಕದ ಪತ್ತಾರರಾಗಲಿ, ಕರಾವಳಿಯ ಆಚಾರ್ರು, ಶೇಟರಾಗಲಿ, ಬೆಂಗಳೂರಿನ ನಗರ್ತಪೇಟೆಯ ಮಹಡಿಗಳಲ್ಲಿ ಕೂತ ಬಂಗಾಳದ ಹುಡುಗರಾಗಲಿ, ಎಲ್ಲರಿಗೂ ಹೊಸ ಒಡವೆಯಷ್ಟೇ ರಿಪೇರಿಯೂ ಇರುತ್ತದೆ. ಕಡಿದ ಸರ, ಬಿಗಿಯಾದ ಉಂಗುರ, ತಿರುಪು ಸವೆದ ಮೂಗುತಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಒಡವೆಯಲ್ಲಿ ಯಾವ ಬೆಸುಗೆ ಇದೆಯೋ ಯಾರಿಗೆ ಗೊತ್ತು? ಮುತ್ತು, ಹವಳ ಇದ್ದರೆ ಬಿಚ್ಚದೆ ಉರಿ ತೋರಿಸುವಂತಿಲ್ಲ. ಒಳಗೆ ಅರಗು ತುಂಬಿದ ಗುಂಡಾದರೆ ಅದು ಕುದಿದು ಚಿಮ್ಮುತ್ತದೆ. ಕೈಗೆ ತೆಗೆದುಕೊಂಡ ಕೂಡಲೇ ತೂಕ ನೋಡಿ, ಉಗುರಿನಿಂದ ತಟ್ಟಿ, ಆಮೇಲೆ ಬೆಂಕಿ.

ತೂಕ ಎಂದೆನಲ್ಲ, ಅದು ಈ ಕಸುಬಿನ ಇನ್ನೊಂದು ಅರ್ಧ. ತೊಲಕ್ಕೆ 96 ಗುಲಗಂಜಿ ಎಂದು ಲೆಕ್ಕ ಹಾಕುತ್ತಿದ್ದ ಕಾಲ ಹೋಗಿ ಮಿಲಿಗ್ರಾಂ ತೋರಿಸುವ ತಕ್ಕಡಿ ಬಂದಿದೆ. ಕೆಲಸಕ್ಕೆ ಮುಂಚೆ ತೂಗಿ, ಮುಗಿದ ಮೇಲೆ ತೂಗಿ, ಮಡಿಲಿಗೆ ಕಟ್ಟಿದ ಚರ್ಮದಲ್ಲಿ ಬಿದ್ದ ಅರದ ಪುಡಿಯನ್ನೂ ತೂಗಬೇಕು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಊರು ಆಡಿಕೊಳ್ಳುತ್ತದೆ. ಆದರೆ ಅರ ತಿಂದದ್ದು, ಉಜ್ಜುವ ಬಟ್ಟೆಗೆ ಹತ್ತಿದ್ದು ಎಲ್ಲಿ ಹೋಯಿತೆಂದು ಗಾದೆ ಕೇಳುವುದಿಲ್ಲ. ಅಂಗಡಿಯ ಕಸವನ್ನೇ ದುಡ್ಡು ಕೊಟ್ಟು ಕೊಂಡು, ತೊಳೆದು ಚಿನ್ನ ತೆಗೆಯುವವರು ಸುಮ್ಮನೆ ಇಲ್ಲ. ಪುಡಿಗಳನ್ನು ತಾಮ್ರದ್ದು, ಬೆಳ್ಳಿಯದು, ಚಿನ್ನದ್ದು ಎಂದು ಬೇರೆ ಬೇರೆ ಡಬ್ಬಿಗೆ ಹಾಕುವುದನ್ನು ಇಂದಿನಿಂದಲೇ ರೂಢಿಸಿಕೊಳ್ಳಿ.

ಬೆಂಕಿಗೆ ಹೆದರುವವರಿಗೆ ಬೀದರಿನ ಕೆಲಸ ತೋರಿಸುತ್ತೇನೆ. ಬಿದರಿ ಪಾತ್ರೆ ಹೆಚ್ಚುಪಾಲು ಸತು, ಅದರ ಹದಿನಾರನೆಯ ಒಂದು ಭಾಗದಷ್ಟು ತಾಮ್ರ. ಎರಕ ಹೊಯ್ಯುವ ಹಂತದಲ್ಲೇ ದೊಡ್ಡ ಬೆಂಕಿಯ ಕೆಲಸ ಮುಗಿಯುತ್ತದೆ. ಮೈಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನು ಬೆಸುಗೆಯಿಲ್ಲದೆ ಸುತ್ತಿಗೆಯಲ್ಲೇ ಕೂರಿಸುತ್ತಾರೆ. ಬಳಿಕ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣ ತಾಗಿಸಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಉಂಗುರ ಮುಗಿದವರಿಗೆ ಮುಂದಿನ ಕೆಲಸ ಟೊಳ್ಳು ಗುಂಡು. ಕೊಡಗಿನ ಜೋಮಾಲೆ ನೋಡಿದ್ದೀರಾ? ಅದರ ಚಿನ್ನದ ಗುಂಡುಗಳು ಒಳಗೆ ಟೊಳ್ಳು, ಅರಗು ತುಂಬಿರುತ್ತಾರೆ. ಕಡಿಮೆ ಚಿನ್ನದಲ್ಲಿ ದೊಡ್ಡ ಸರ, ಅದುಮಿದರೂ ತಗ್ಗು ಬೀಳುವುದಿಲ್ಲ. ನಾವು ತಾಮ್ರದಲ್ಲಿ ಮಾಡೋಣ. 10 ಮಿಲಿಮೀಟರಿನ ಗುಂಡಿಗೆ ಲೆಕ್ಕದ ಪ್ರಕಾರ 14 ಮಿಲಿಮೀಟರಿನ ಎರಡು ಬಿಲ್ಲೆ ಬೇಕು. ತಗಡು ಬಡಿಯುವಾಗ ಸ್ವಲ್ಪ ಹಿಗ್ಗುವುದರಿಂದ ಒಂದಿಷ್ಟು ಕಡಿಮೆಯಾದರೂ ನಡೆಯುತ್ತದೆ. ಗುಳಿಯಿರುವ ಹಿತ್ತಾಳೆ ಅಚ್ಚಿನಲ್ಲಿಟ್ಟು, ದೊಡ್ಡ ಗುಳಿಯಿಂದ ಸಣ್ಣ ಗುಳಿಗೆ ಇಳಿಸುತ್ತ, ನಡುನಡುವೆ ಕಾಯಿಸುತ್ತ ಬಡಿದರೆ ಅಡಿಕೆ ಹೋಳಿನಂಥ ಎರಡು ಬಟ್ಟಲು ಸಿಗುತ್ತವೆ. ಅಂಚನ್ನು ಮಟ್ಟವಾದ ಅರದ ಮೇಲೆ ಉಜ್ಜಿ ಕೂಡಿಸಿ.

ಬೆಸೆಯುವ ಮುಂಚೆ ಎರಡೂ ಬಟ್ಟಲಿಗೆ ದಾರ ಹೋಗುವ ತೂತು ಕೊರೆದಿರಬೇಕು. ಆಮೇಲೆ ಕೊರೆದರಾಯಿತು ಎಂದು ಮುಚ್ಚಿದ ಗುಂಡನ್ನು ಬೆಂಕಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಸಂದು ಬಿಚ್ಚುತ್ತದೆ, ಇಲ್ಲವೇ ಗುಂಡು ಸಿಡಿಯುತ್ತದೆ. ಆಸಿಡ್‌ನಿಂದ ತೆಗೆದ ಮೇಲೂ ಆ ತೂತಿನಿಂದಲೇ ಒಳಗೆ ಸೇರಿದ ಆಸಿಡ್ ಹೋಗುವಂತೆ ಸೋಡಾ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ. ಅರಗು ತುಂಬುವುದು ಮುಂದಿನ ತರಗತಿಯಲ್ಲಿ. ಬರುವಾಗ ಒಬ್ಬೊಬ್ಬರೂ ಮೂರು ಗುಂಡು ಮಾಡಿಕೊಂಡು ಬನ್ನಿ.