ಬಿ.ಎಂ.ಸಿ. ಕಂಟ್ರೋಲರ್‌ನ ವೈ-ಫೈಗೆ ಬೀಗ ಹಾಕುವುದು ಹೇಗೆ?



ಸಂಘದ ಬಿ.ಎಂ.ಸಿ. ಕೋಣೆಗೆ ಬೀಗ ಇರುತ್ತದೆ. ಅದರ ಕೀಲಿ ಯಾರ ಹತ್ತಿರ ಇದೆ ಎಂಬುದು ಆಡಳಿತ ಮಂಡಳಿಗೆ ಗೊತ್ತಿರುತ್ತದೆ. ಆದರೆ ಈಗ ಬರುತ್ತಿರುವ ಕೆಲವು ಶೀತಲೀಕರಣ ಯಂತ್ರಗಳ ಕಂಟ್ರೋಲರ್‌ಗಳಲ್ಲಿ ವೈ-ಫೈ ಕೂಡ ಇದೆ. ಮೊಬೈಲ್ ಹಿಡಿದು ಹತ್ತಿರ ನಿಂತರೆ ಸಾಕು, ಹಾಲಿನ ಉಷ್ಣಾಂಶ ನೋಡಬಹುದು, ಎಷ್ಟು ಡಿಗ್ರಿಗೆ ಇಡಬೇಕು ಎಂಬುದನ್ನು ಬದಲಾಯಿಸಲೂಬಹುದು. ಇದು ಅನುಕೂಲವೇ. ಆದರೆ ಈ ವೈ-ಫೈ ಗೋಡೆಯ ಒಳಗೇ ನಿಲ್ಲುವುದಿಲ್ಲ, ಹೊರಗಿನ ರಸ್ತೆಗೂ ಸಿಗುತ್ತದೆ. ಪಾಸ್‌ವರ್ಡ್ ಸರಿಯಿಲ್ಲದಿದ್ದರೆ ಕೋಣೆಗೆ ಬೀಗ ಹಾಕಿಯೂ ಪ್ರಯೋಜನವಿಲ್ಲ. ಆದ್ದರಿಂದ ಈ ಸಂಚಿಕೆಯ ಪಾಠದಲ್ಲಿ ಆ ವೈ-ಫೈಯನ್ನು ಭದ್ರಪಡಿಸುವ ಕ್ರಮವನ್ನು ತಿಳಿಯೋಣ.

ಹಾಲಿಗೂ ಪಾಸ್‌ವರ್ಡಿಗೂ ಏನು ಸಂಬಂಧ?

ಕೆಚ್ಚಲಿನಿಂದ ಬಂದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ ಎಂದು ಲೆಕ್ಕ ಹಿಡಿಯಿರಿ. ಆಗ ಒಂದೇ ಒಂದು ಬ್ಯಾಕ್ಟೀರಿಯಾ 5 ಗಂಟೆಯಲ್ಲಿ 1,024 ಆಗುತ್ತದೆ. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಈ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಬಿ.ಎಂ.ಸಿ. ಮಾಡುವ ಕೆಲಸವೇ ಇದು.

ಯಾರೋ ತಿಳಿಯದೆ ಅಥವಾ ಬೇಕೆಂದೇ ಕಂಟ್ರೋಲರ್‌ನಲ್ಲಿ 4ರ ಜಾಗದಲ್ಲಿ 14 ಎಂದು ಹಾಕಿದರು ಎಂದುಕೊಳ್ಳಿ. ಕಂಪ್ರೆಸರ್ ಬೇಗ ನಿಂತುಬಿಡುತ್ತದೆ. ಯಂತ್ರ ಕೆಟ್ಟಿಲ್ಲ, ಕರೆಂಟೂ ಇದೆ, ಹೀಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಬೆಳಿಗ್ಗೆ ಟ್ಯಾಂಕರ್ ಬಂದಾಗಲೇ ಹಾಲು ಹುಳಿಯಾದದ್ದು ಗೊತ್ತಾಗುವುದು. ಟ್ಯಾಂಕಿನಲ್ಲಿರುವುದು ಒಬ್ಬರ ಮನೆಯ ಹಾಲಲ್ಲ, ಇಡೀ ಊರಿನ ಹಾಲು. ಅದು ಹಾಳಾದರೆ ನಷ್ಟ ಎಲ್ಲ ಸದಸ್ಯೆಯರ ಬಟವಾಡೆಗೂ ತಟ್ಟುತ್ತದೆ.

ಕಂಪನಿಯಿಂದ ಬಂದ ಪಾಸ್‌ವರ್ಡ್ ಏಕೆ ಸಾಲದು?

ಎಷ್ಟೋ ಉಪಕರಣಗಳು ಕಾರ್ಖಾನೆಯಿಂದ ಬರುವಾಗಲೇ ‘ಅಡ್ಮಿನ್’, ‘1234’ ಇಂಥ ಪಾಸ್‌ವರ್ಡ್ ಇಟ್ಟುಕೊಂಡು ಬರುತ್ತವೆ. ಒಂದೇ ಮಾದರಿಯ ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇರುವುದುಂಟು. ಕೈಪಿಡಿ ಓದಿದವರಿಗೆಲ್ಲ ಅದು ಗೊತ್ತು. ಒಂದೇ ಕೀಲಿಗೆ ಊರಿನ ಎಲ್ಲ ಬೀಗಗಳೂ ತೆರೆದರೆ ಹೇಗೋ ಹಾಗೆ.

2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಹೀಗೆಯೇ ವಶಪಡಿಸಿಕೊಂಡಿತು. ಅದು ಮಾಡಿದ್ದು ದೊಡ್ಡ ವಿದ್ಯೆಯನ್ನೇನಲ್ಲ. ಸುಮಾರು 60 ಕಾರ್ಖಾನೆ ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಹಾಕಿ ನೋಡಿತು, ಅಷ್ಟೇ. ಇಂಥ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ಕಾನೂನಿನ ಮೂಲಕವೇ ನಿಷೇಧಿಸಿದೆ.

ಕೆಲಸ ಶುರು ಮಾಡುವ ಮುನ್ನ

ಟ್ಯಾಂಕರ್ ಹೋಗಿ, ಟ್ಯಾಂಕ್ ತೊಳೆದು ಖಾಲಿ ಇರುವ ಹೊತ್ತನ್ನೇ ಆರಿಸಿಕೊಳ್ಳಿ. ಏನಾದರೂ ತಪ್ಪಾದರೂ ಆಗ ಹಾಲು ಹಾಳಾಗುವುದಿಲ್ಲ. ಸೆಕ್ರೆಟರಿ ಮತ್ತು ಆಡಳಿತ ಮಂಡಳಿಯ ಒಬ್ಬ ಸದಸ್ಯೆ ಜೊತೆಗಿರಲಿ. ಕಂಟ್ರೋಲರ್‌ನ ಕೈಪಿಡಿ ಪಕ್ಕದಲ್ಲಿರಲಿ. ಈಗ ಇರುವ ಎಲ್ಲ ಅಂಕಿಗಳನ್ನು, ಅಂದರೆ ಎಷ್ಟು ಡಿಗ್ರಿಗೆ ಕಂಪ್ರೆಸರ್ ನಿಲ್ಲಬೇಕು, ಎಷ್ಟಕ್ಕೆ ಮತ್ತೆ ಶುರುವಾಗಬೇಕು ಎಂಬುದನ್ನು, ಪುಸ್ತಕದಲ್ಲಿ ಬರೆದುಕೊಳ್ಳಿ.

ಹಂತ ಹಂತವಾಗಿ

1. ಮೊಬೈಲ್‌ನ ವೈ-ಫೈ ಪಟ್ಟಿಯಲ್ಲಿ ಕಂಟ್ರೋಲರ್‌ನ ಹೆಸರನ್ನು ಹುಡುಕಿ ಜೋಡಿಸಿ. ಕಂಟ್ರೋಲರ್ ತಾನೇ ವೈ-ಫೈ ಕೊಡುವುದಕ್ಕೆ ‘ಆಕ್ಸೆಸ್ ಪಾಯಿಂಟ್’ ಎನ್ನುತ್ತಾರೆ. ಮೊಬೈಲ್ ‘ಇಂಟರ್ನೆಟ್ ಇಲ್ಲ’ ಎಂದು ತೋರಿಸಿದರೆ ಗಾಬರಿ ಬೇಡ. ಇದು ಇಂಟರ್ನೆಟ್ ಕೊಡುವ ವೈ-ಫೈ ಅಲ್ಲ, ಯಂತ್ರದ ಜೊತೆ ಮಾತಾಡುವುದಕ್ಕೆ ಮಾತ್ರ. ಕೆಲಸ ಮುಗಿಯುವ ತನಕ ಮೊಬೈಲ್ ಡೇಟಾ ಆಫ್ ಮಾಡಿಡಿ.

2. ಬ್ರೌಸರ್ ತೆರೆದು ಕೈಪಿಡಿಯಲ್ಲಿ ಕೊಟ್ಟಿರುವ ವಿಳಾಸವನ್ನು ಟೈಪ್ ಮಾಡಿ. ಅದು ಸಾಮಾನ್ಯವಾಗಿ 192.168 ಎಂದು ಶುರುವಾಗುವ ಅಂಕಿಗಳಾಗಿರುತ್ತದೆ. ಕೆಲವು ಕಂಪನಿಗಳು ಇದಕ್ಕೆ ಆ್ಯಪ್ ಕೊಟ್ಟಿರುತ್ತವೆ.

3. ಮೊದಲು ಒಳಗಿನ ಬೀಗ. ಈ ಪುಟಕ್ಕೆ ಲಾಗಿನ್ ಆಗುವ ಪಾಸ್‌ವರ್ಡನ್ನು ಬದಲಾಯಿಸಿ. ವೈ-ಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಎರಡಕ್ಕೂ ಒಂದೇ ಪಾಸ್‌ವರ್ಡ್ ಇಡಬೇಡಿ.

4. ನಂತರ ಹೊರಗಿನ ಬೀಗ. ವೈ-ಫೈ ಸೆಟ್ಟಿಂಗ್‌ನಲ್ಲಿ ಭದ್ರತೆಯ ಬಗೆಯನ್ನು ಕೇಳುತ್ತದೆ. ಡಬ್ಲ್ಯು.ಪಿ.ಎ. 3 ಇದ್ದರೆ ಅದನ್ನು, ಇಲ್ಲದಿದ್ದರೆ ಡಬ್ಲ್ಯು.ಪಿ.ಎ. 2 ಆರಿಸಿ. ‘ಓಪನ್’ ಎಂದರೆ ಬಾಗಿಲೇ ಇಲ್ಲ ಎಂದರ್ಥ. ‘ಡಬ್ಲ್ಯು.ಇ.ಪಿ.’ ಹಳೆಯದು, ಅದನ್ನು ಮುರಿಯುವ ದಾರಿ 2001ರಲ್ಲೇ ಬಯಲಾಗಿದೆ. ಈ ಎರಡನ್ನೂ ಮುಟ್ಟಬೇಡಿ.

5. ಹೊಸ ಪಾಸ್‌ವರ್ಡ್ ಕೊಡಿ. ಕನಿಷ್ಠ 8 ಅಕ್ಷರ ಬೇಕೆಂದು ಯಂತ್ರ ಕೇಳುತ್ತದೆ, 63ರವರೆಗೂ ಕೊಡಬಹುದು. ಉದ್ದವಾದಷ್ಟೂ ಗಟ್ಟಿ. ಸಂಘದ ಹೆಸರು, ಫೋನ್ ನಂಬರು, ಸಂಘದ ನೋಂದಣಿ ಸಂಖ್ಯೆ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ. ‘ಹುಣಸೆ-ಗುದ್ದಲಿ-ನವಿಲು-ಚಕ್ಕುಲಿ-47’ ಎನ್ನುವ ಹಾಗೆ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಇಲ್ಲಿ ಅಚ್ಚಾಗಿರುವ ಇದನ್ನೇ ಮಾತ್ರ ಇಡಬೇಡಿ!

6. ‘ಡಬ್ಲ್ಯು.ಪಿ.ಎಸ್.’ ಎಂಬ ಆಯ್ಕೆ ಕಂಡರೆ ಆಫ್ ಮಾಡಿ. ವೈ-ಫೈಯ ಹೆಸರನ್ನು ಮರೆಮಾಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ಬೀಗವಲ್ಲ, ಬಾಗಿಲ ಮೇಲಿನ ಬೋರ್ಡ್ ತೆಗೆದಂತೆ ಮಾತ್ರ.

7. ಸೇವ್ ಮಾಡಿದ ಕೂಡಲೇ ಮೊಬೈಲ್‌ನ ಸಂಪರ್ಕ ತಪ್ಪುತ್ತದೆ. ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಜೋಡಿಸಿ. ಹಳೆಯ ಪಾಸ್‌ವರ್ಡ್ ಇದ್ದ ಇನ್ನೊಂದು ಮೊಬೈಲ್‌ನಿಂದ ಪ್ರಯತ್ನಿಸಿ. ಅದು ಒಳಗೆ ಹೋಗದಿದ್ದರೆ ಕೆಲಸ ಸರಿಯಾಗಿದೆ.

8. ಕೊನೆಗೆ, ಬರೆದಿಟ್ಟುಕೊಂಡ ಡಿಗ್ರಿಗಳು ಹಾಗೆಯೇ ಇವೆಯೇ ಎಂದು ನೋಡಿ. ಮುಂದಿನ ಸರದಿಯ ಹಾಲು ಬಂದಾಗ 4 ಡಿಗ್ರಿಗೆ ಇಳಿಯುವವರೆಗೆ ಒಬ್ಬರು ಗಮನಿಸಲಿ.

ಕೀಲಿ ಯಾರ ಕೈಯಲ್ಲಿ?

ಮಹಿಳಾ ಸಂಘಗಳಲ್ಲಿ ‘ಇದು ಮೊಬೈಲ್ ಕೆಲಸ, ಮನೆಯ ಹುಡುಗನ ಹತ್ತಿರ ಮಾಡಿಸೋಣ’ ಎಂದು ಬಿಟ್ಟುಬಿಡುವುದುಂಟು. ಹುಡುಗ ಸಹಾಯ ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಪಾಸ್‌ವರ್ಡ್ ಟೈಪ್ ಮಾಡುವ ಕೈ ಸೆಕ್ರೆಟರಿಯದೇ ಆಗಿರಲಿ. ಹಾಲಿನ ಅಳತೆ, ಫ್ಯಾಟ್, ಎಸ್.ಎನ್.ಎಫ್. ಚೀಟಿಯನ್ನು ನೀವೇ ಓದಲು ಕಲಿತಿದ್ದೀರಿ. ಅದರ ಮುಂದೆ ಇದು ದೊಡ್ಡದಲ್ಲ. ಪಾಸ್‌ವರ್ಡ್ ಮನೆಯವರ ಮೊಬೈಲ್‌ನಲ್ಲಿ ಉಳಿದರೆ ಸಂಘದ ಟ್ಯಾಂಕಿನ ಮೇಲಿನ ಅಧಿಕಾರವೂ ಅಲ್ಲೇ ಉಳಿಯುತ್ತದೆ.

ಎರಡು ಪಾಸ್‌ವರ್ಡ್‌ಗಳನ್ನೂ ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರು ಸಹಿ ಮಾಡಿ ನಡವಳಿ ಪುಸ್ತಕದ ಜೊತೆ ಬೀರುವಿನಲ್ಲಿಡಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಗೋಡೆಗೆ ಅಂಟಿಸಬೇಡಿ. ಸೆಕ್ರೆಟರಿ ಅಥವಾ ಟೆಸ್ಟರ್ ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಲಿ. ರಿಪೇರಿಯವರಿಗೆ ಕೊಡಬೇಕಾಗಿ ಬಂದರೆ ಕೊಡಿ, ಅವರು ಹೋದ ಮೇಲೆ ಬದಲಾಯಿಸಿ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಕ್ಯಾಷ್ ಪೆಟ್ಟಿಗೆಯ ಕೀಲಿಗೆ ಇರುವ ನಿಯಮವೇ ಇದಕ್ಕೂ.

ಮೊಬೈಲನ್ನೇ ನಂಬಿ ಕೂರಬೇಡಿ

ವೈ-ಫೈ ಎಷ್ಟೇ ಭದ್ರವಾಗಿರಲಿ, ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಹಾಕಿ ಹಾಲಿನ ಉಷ್ಣಾಂಶ ನೋಡಿ ಪುಸ್ತಕದಲ್ಲಿ ಬರೆಯುವುದನ್ನು ಬಿಡಬೇಡಿ. ಕೈಯಲ್ಲಿ ಅಳೆದದ್ದಕ್ಕೂ ಮೊಬೈಲ್ ತೋರಿಸಿದ್ದಕ್ಕೂ ವ್ಯತ್ಯಾಸ ಬಂದರೆ ಕೂಡಲೇ ಯಂತ್ರದ ಸೆಟ್ಟಿಂಗ್ ಪರಿಶೀಲಿಸಿ, ಒಕ್ಕೂಟಕ್ಕೆ ತಿಳಿಸಿ. ಅನುಮತಿಯಿಲ್ಲದೆ ಹೊರಗಿನವರು ಯಂತ್ರದೊಳಗೆ ನುಗ್ಗಿ ಸೆಟ್ಟಿಂಗ್ ಬದಲಾಯಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಶಿಕ್ಷಾರ್ಹ ಅಪರಾಧ.

ಮುಂದಿನ ಸಭೆಯಲ್ಲಿ ಕೇಳಿ

• ನಮ್ಮ ಬಿ.ಎಂ.ಸಿ. ಕಂಟ್ರೋಲರ್‌ಗೆ ವೈ-ಫೈ ಇದೆಯೇ? ಅದನ್ನು ಯಾರು ಯಾರು ಬಳಸುತ್ತಿದ್ದಾರೆ?
• ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಾಗಿದೆಯೇ? ಯಾವ ದಿನ?
• ಲಕೋಟೆ ಬೀರುವಿನಲ್ಲಿದೆಯೇ? ಸಹಿ ಯಾರದು?
• ವೈ-ಫೈ ಬಳಸುವುದೇ ಇಲ್ಲವಾದರೆ ಅದನ್ನು ಆಫ್ ಮಾಡಿಸಬಹುದಲ್ಲವೇ?

ಈ ಪ್ರಶ್ನೆಗಳನ್ನು ಕೇಳಲು ನಿರ್ದೇಶಕಿಯೇ ಆಗಿರಬೇಕೆಂದಿಲ್ಲ. ದಿನಕ್ಕೆ ಎರಡೇ ಲೀಟರ್ ಹಾಲು ಹಾಕುವ ಸದಸ್ಯೆಗೂ ಆ ಹಕ್ಕಿದೆ. ಉತ್ತರಗಳನ್ನು ನಡವಳಿಯಲ್ಲಿ ಬರೆಸಿ.