ಮಾಡಿಗೆ ಮುಟ್ಟಿದ ಒಟ್ಟಿಲು

ಪ್ರಶ್ನೆ: ಸಿ ಭಾಷೆಯಲ್ಲಿ ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಬರೆದೆ, ನಿಲ್ಲುವ ಷರತ್ತು ಹಾಕಲು ಮರೆತೆ. ನನ್ನ ಲಿನಕ್ಸ್‌ನಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಸತ್ತಿತು. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಮು ಓಡುತ್ತಲೇ ಇದೆ. ಯಾರದು ಸರಿ?
– ಡಿಪ್ಲೊಮಾ ವಿದ್ಯಾರ್ಥಿ, ಗಂಗಾವತಿ

ಉತ್ತರ: ಇಬ್ಬರದೂ ಸರಿ. ಸ್ಟ್ಯಾಕ್ ತುಂಬಿ ಹೋದರೆ ಏನಾಗಬೇಕು ಎಂಬ ಬಗ್ಗೆ ಸಿ ಭಾಷೆಯ ನಿಯಮಗಳು ತುಟಿ ಬಿಚ್ಚುವುದಿಲ್ಲ.

ಭತ್ತದ ಊರಿನವರಿಗೆ ಸ್ಟ್ಯಾಕ್ ಅಂದರೇನು ಎಂದು ನಾನು ಹೇಳಬೇಕೆ? ರೈಸ್‌ಮಿಲ್ಲಿನ ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಒಟ್ಟಿರುತ್ತಾರಲ್ಲ, ಅದೇ. ಮೇಲಿನದು ಇಳಿಯದೆ ಕೆಳಗಿನದು ಕೈಗೆ ಸಿಗದು. ಫಂಕ್ಷನ್ನಿನ ಪ್ರತಿ ಕರೆಗೂ ಒಂದು ಚೀಲ. ಮರಳಿ ಎಲ್ಲಿಗೆ ಹೋಗಬೇಕೆಂಬ ವಿಳಾಸ, ಒಳಗಿನ ವೇರಿಯಬಲ್‌ಗಳು ಅದರಲ್ಲಿ. (ನಮ್ಮ ಇಂಟೆಲ್ ಯಂತ್ರಗಳಲ್ಲಿ ಈ ಒಟ್ಟಿಲು ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ಅದು ಬೇರೆ ಮಾತು.)

ಲಿನಕ್ಸ್ ಇದಕ್ಕೆ ಸಾಮಾನ್ಯವಾಗಿ 8 ಎಂಬಿ ಜಾಗ ಕೊಡುತ್ತದೆ. ಒಂದೇ ಪೂರ್ಣಾಂಕ ಹೊತ್ತ ಪುಟ್ಟ ಫಂಕ್ಷನ್ನಿನ ಚೀಲ ಸುಮಾರು 32 ಬೈಟ್ ಎಂದಿಟ್ಟುಕೊಂಡರೆ, ಎರಡೂವರೆ ಲಕ್ಷ ದಾಟಿದ ಮೇಲೆ ಜಾಗ ಮುಗಿಯುತ್ತದೆ. ಒಳಗೆ 1000 ಪೂರ್ಣಾಂಕಗಳ ಅರೇ ಇಟ್ಟು ನೋಡಿ, ಎರಡು ಸಾವಿರದ ಆಸುಪಾಸಿಗೇ ಕಥೆ ಮುಗಿದಿರುತ್ತದೆ. ಮಿತಿಯಾಚೆ ಕೈ ಚಾಚಿದೊಡನೆ ಕರ್ನಲ್ 11ನೇ ಸಿಗ್ನಲ್ ಕಳಿಸಿ ಪ್ರೋಗ್ರಾಮನ್ನು ಕೊಲ್ಲುತ್ತದೆ. ಶೆಲ್‌ನಲ್ಲಿ ಕಾಣುವ 139, ಅಂದರೆ 128 ಕೂಡಿಸು 11, ಅದರದೇ ಗುರುತು.

ಗೆಳೆಯ ಬಹುಶಃ ‘ಓ2’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದ್ದಾನೆ. ಫಂಕ್ಷನ್ನಿನ ಕಟ್ಟಕಡೆಯ ಕೆಲಸವೇ ತನ್ನನ್ನು ಕರೆಯುವುದಾಗಿದ್ದರೆ ಜಿಸಿಸಿ ಅದನ್ನು ಬರೀ ಲೂಪ್ ಮಾಡಿಬಿಡುತ್ತದೆ. ಹೊಸ ಚೀಲವೇ ಬೇಕಿಲ್ಲ, ಹಳೆಯದನ್ನೇ ಮತ್ತೆ ಮತ್ತೆ ತುಂಬುತ್ತದೆ. ತಪ್ಪು ಅಲ್ಲೇ ಇದೆ, ಕಾಣುವುದಿಲ್ಲ ಅಷ್ಟೆ. ನನಗೆ ಕೇಳಿದರೆ, ಸತ್ತ ಪ್ರೋಗ್ರಾಮೇ ವಾಸಿ.

ಪರೀಕ್ಷಿಸಬೇಕೆಂದರೆ ಒಂದು ಟರ್ಮಿನಲ್‌ನಲ್ಲಿ ‘ಯುಲಿಮಿಟ್ -ಎಸ್ 256’ ಕೊಟ್ಟು ಜಾಗವನ್ನು 256 ಕೆಬಿಗೆ ಇಳಿಸಿ ಓಡಿಸಿ. ಬೇರೆ ಟರ್ಮಿನಲ್‌ಗಳಿಗೆ ತೊಂದರೆಯಿಲ್ಲ. ಸಿಗ್ನಲ್ ಹಿಡಿದು ನಿಮ್ಮದೇ ಸಂದೇಶ ತೋರಿಸುವ ಆಸೆಯಿದ್ದರೆ ‘ಸಿಗ್‌ಆಲ್ಟ್‌ಸ್ಟ್ಯಾಕ್’ ಬೇಕೇ ಬೇಕು. ಹಿಡಿಯುವ ಫಂಕ್ಷನ್ನಿಗೂ ಒಂದು ಚೀಲ ಇಡಲು ಜಾಗ ಬೇಕಲ್ಲ, ತುಂಬಿದ ಗೋದಾಮಿನಲ್ಲಿ ಎಲ್ಲಿಡುವುದು?

ಎಷ್ಟನೇ ಕರೆಗೆ ಬಿತ್ತೆಂದು ‘ಪ್ರಿಂಟ್‌ಎಫ್’ ಹಾಕಿ ಫೈಲಿಗೆ ಬರೆಸಿದರೆ ಕೊನೆಯ ಸಂಖ್ಯೆಯನ್ನು ನಂಬಬೇಡಿ. ಬಫರಿನಲ್ಲಿದ್ದ ಸಾಲುಗಳು ಪ್ರೋಗ್ರಾಮಿನ ಜೊತೆಗೇ ಹೋಗಿರುತ್ತವೆ. ‘ಎಸ್‌ಟಿಡಿ‌ಎರ್’ಗೆ ಬರೆಸಿ.